ಎಂಜಲಿನ ಗುರುತು

ನಮ್ಮ ಅತ್ತೆ ನನ್ನ ಕೆಲಸವನ್ನು ಯಾರಿಗಾದರೂ ಹೇಳಬೇಕಾಗಿ ಬಂದರೆ, "ಇವಳು ಗಿಡದ ರೋಗದ ಎಂಜಲು ಸೋಸ್ತಾಳೆ" ಎನ್ನುತ್ತಿದ್ದರು. ಹೇಳುವಾಗ ಅವರ ಮೂಗು ಒಂದಿಷ್ಟು ಮೇಲಕ್ಕೆ ಹೋಗುತ್ತಿತ್ತು. ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಷ್ಟು ವರ್ಷ ಓದಿ, ಕಣ್ಣಿಗೆ ಕನ್ನಡಕ ಬರಿಸಿಕೊಂಡು, ಕೊನೆಗೆ ಎಂಜಲು ಸೋಸುವವಳು ಅನ್ನಿಸಿಕೊಳ್ಳಬೇಕೇ ಎಂದು. ಆಮೇಲೆ ಯೋಚಿಸಿ ನೋಡಿದರೆ ಅದಕ್ಕಿಂತ ಸರಿಯಾದ ಮಾತು ನನಗೂ ಹೊಳೆಯಲಿಲ್ಲ.

ಮೆಣಸಿನಕಾಯಿ ಗಿಡದ ಬುಡ ಕೊಳೆಸುವ ರೋಗವೊಂದಿದೆ. ಮಣ್ಣಿನ ತೇವದಲ್ಲಿ ಈಜಿಕೊಂಡು ಬಂದು ಬೇರಿಗೆ ಅಂಟಿಕೊಳ್ಳುತ್ತದೆ. ನಿನ್ನೆ ನೆಟ್ಟಗೆ ನಿಂತಿದ್ದ ಗಿಡ ಇವತ್ತು ತಲೆ ಜೋತುಹಾಕಿರುತ್ತದೆ, ಬುಡದಲ್ಲಿ ಒಂದು ಕಪ್ಪು ಪಟ್ಟಿ. ಈ ರೋಗಕ್ಕೆ ಹಲ್ಲಿಲ್ಲ, ಉಗುರಿಲ್ಲ. ಅದರ ಕಾರುಬಾರೆಲ್ಲ ಅದು ಉಗುಳುವ ವಿಷದ ಪ್ರೋಟೀನುಗಳಿಂದಲೇ. ನಾನು ಕೆಲಸ ಮಾಡುವ ಸಂಶೋಧನಾ ಕೇಂದ್ರದಲ್ಲಿ ಆ ರೋಗವನ್ನು ಗಾಜಿನ ಬುಡ್ಡಿಗಳಲ್ಲಿ ಸಾಕುತ್ತೇವೆ. ಅದು ಉಗುಳಿದ್ದನ್ನು ಸೋಸಿ, ಒಂದೊಂದು ಪ್ರೋಟೀನನ್ನೂ ಬೇರೆ ಮಾಡಿ, ಯಾವುದು ಗಿಡಕ್ಕೆ ಏನು ಮಾಡುತ್ತದೆ ಎಂದು ನೋಡುವುದು ನನ್ನ ಕೆಲಸ. ಒಮ್ಮೆ ಅದರ ಒಂದು ಪುಟ್ಟ ಶೀಶೆಯನ್ನು ಮನೆಯ ಫ್ರಿಜ್ಜಿನಲ್ಲಿಟ್ಟೆ. ಅತ್ತೆ ಅದನ್ನು ಎರಡು ಬೆರಳಲ್ಲಿ ಎತ್ತಿ ಹೊರಗಿಟ್ಟು, "ಹಾಲಿನ ಪಕ್ಕ ಎಂಜಲು ಇಡ್ತೀಯಲ್ಲ, ನಿಂಗೇನಾದ್ರೂ ಬುದ್ಧಿ ಇದ್ಯಾ?" ಎಂದರು. ಮರುದಿನವೇ ಮಾವ ನನಗೆ ಬೇರೆ ಸಣ್ಣ ಫ್ರಿಜ್ಜು ತಂದುಕೊಟ್ಟರು. ಅಂದಿನಿಂದ ಅವರ ಬಾಯಲ್ಲಿ ನನ್ನ ಹೆಸರು "ಎಂಜಲು ಡಾಕ್ಟ್ರು" ಎಂದಾಯಿತು.

ಮಾವನ ಕೆಲಸ ಮೆಣಸಿನ ಹೊಸ ತಳಿ ಮಾಡುವುದು. ಮನೆಯ ಹಿಂದೆ ಸಾಲಾಗಿ ಗಾಜಿನ ಮನೆಗಳು, ಅವುಗಳ ಕೊನೆಯಲ್ಲಿ ಚಳಿಗಾಲಕ್ಕೆ ಬಿಸಿ ಕೊಡುವ ದೊಡ್ಡ ಒಲೆಯ ಕೋಣೆ. ಮಾವ ತಳಿ ಬೆರೆಸುವವರು, ಅತ್ತೆ ಸಸಿ ಸಾಕುವವರು. ಹಾಗೆಂದು ಊರವರು ಹೇಳುತ್ತಿದ್ದರೇ ಹೊರತು ಅವರಿಬ್ಬರೂ ಒಪ್ಪುತ್ತಿರಲಿಲ್ಲ. ಅತ್ತೆಯ ಪ್ರಕಾರ ಮಾವ ಮಾಡುವುದು ಹೂವಿನ ಜೊತೆ ಆಟ, ಕೆಲಸವೆಲ್ಲ ತನ್ನದು. ಮಾವನ ಪ್ರಕಾರ ಅತ್ತೆಗೆ ಎಲ್ಲವನ್ನೂ ಕಲಿಸಿದವರು ತಾವು. ಈ ಜಗಳ ನಾನು ಮದುವೆಯಾಗಿ ಬರುವ ಮೊದಲೇ ಹಳತಾಗಿತ್ತು. ಇಬ್ಬರಿಗೂ ಅದನ್ನು ಗೆಲ್ಲುವ ಆಸೆ ಇರಲಿಲ್ಲ.

ಮಾವನ ಆಯುಷ್ಯದ ಅರ್ಧ ಒಂದೇ ಗಿಡಕ್ಕೆ ಹೋಗಿತ್ತು. ಅವರ ಹತ್ತಿರ ಒಂದು ಕಾಡು ಮೆಣಸಿತ್ತು. ಉಗುರಿನಷ್ಟು ಕಾಯಿ, ನಾಲಿಗೆಗೆ ಇಟ್ಟರೆ ಕಣ್ಣಲ್ಲಿ ನೀರು, ಆದರೆ ರೋಗದ ಮಣ್ಣಲ್ಲಿ ನೆಟ್ಟರೂ ಸಾಯದ ಗಿಡ. ಅದನ್ನು ದಪ್ಪ ಸಿಹಿ ಮೆಣಸಿಗೆ ಬೆರೆಸಿದರು. ಹುಟ್ಟಿದ ಮಕ್ಕಳನ್ನು ಮತ್ತೆ ದಪ್ಪ ಮೆಣಸಿಗೆ ಬೆರೆಸಿದರು, ಮತ್ತೆ ಬೆರೆಸಿದರು. ಪೀಳಿಗೆ ಕಳೆದಂತೆ ಕಾಯಿ ದಪ್ಪವಾಯಿತು, ಸಿಹಿಯಾಯಿತು. ಈ ತಳಿಗೆ ಅವರಿಟ್ಟ ಹೆಸರು "ಮೊಂಡಿ". ಯಾಕೆ ಆ ಹೆಸರು ಎಂದು ಯಾರಾದರೂ ಕೇಳಿದರೆ ಬಾಯಲ್ಲಿ ಏನೂ ಹೇಳದೆ ಅತ್ತೆಯ ಕಡೆ ನೋಡುತ್ತಿದ್ದರು. ಅತ್ತೆ ಕೈಯಲ್ಲಿದ್ದ ಕುಂಡವನ್ನು ಸದ್ದಾಗುವಂತೆ ಕೆಳಗಿಟ್ಟು ಹೋಗುತ್ತಿದ್ದರು. ಒಳಗೊಳಗೆ ಖುಷಿ ಎಂದು ನಮಗೆಲ್ಲ ಗೊತ್ತಿತ್ತು.

ಮಾವನನ್ನು ಕೊರೆಯುತ್ತಿದ್ದ ಪ್ರಶ್ನೆ ಒಂದೇ. ಕಾಯಿ ದಪ್ಪವಾಗುತ್ತ ಹೋದ ಹಾದಿಯಲ್ಲಿ, ಕಾಡು ಗಿಡದ ಆ ಹಠ ಎಲ್ಲೋ ಉದುರಿಹೋಗಿದೆಯೇ, ಇನ್ನೂ ಉಳಿದಿದೆಯೇ? "ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತಾರಲ್ಲ, ನೋಡೋಣ" ಎಂದು ನಗುತ್ತಿದ್ದರು. ಆದರೆ ಆ ನಗುವಿನಲ್ಲಿ ಭಯವಿತ್ತು.

ಕೊನೆಯ ಪೀಳಿಗೆಯ ಬೀಜ ಕೈಗೆ ಬಂದ ವರ್ಷವೇ ಅವರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಹೋದವು. ಮಾತು ಒಂದೊಂದೇ ಪದ, ಅದೂ ಬಂದ ದಿನ ಬಂತು. ಬುದ್ಧಿ ಮಾತ್ರ ಕತ್ತರಿಯ ಹಾಗೆ ಹರಿತವಾಗಿಯೇ ಇತ್ತು. ಅತ್ತೆಯೂ ಅವರ ಜೊತೆ ಆಸ್ಪತ್ರೆಯಲ್ಲಿದ್ದಾಗ ನೋಡಿಕೊಳ್ಳುವವರಿಲ್ಲದೆ ತಾಯಿಗಿಡಗಳು ಹೋದವು. ಬೀಜಗಳು ಪೂರ್ತಿ ಬಲಿತಿರಲಿಲ್ಲವೋ ಏನೋ, ಬಿತ್ತಿದವುಗಳಲ್ಲಿ ಮೊಳೆತದ್ದು ಕಡಿಮೆ. ಒಂದೇ ಒಂದು ಟ್ರೇಯಲ್ಲಿ ಹಿಡಿಯುವಷ್ಟು ಸಸಿ. ಅಷ್ಟೇ ಮೊಂಡಿ ಈ ಭೂಮಿಯ ಮೇಲೆ ಉಳಿದದ್ದು.

"ಇನ್ನೊಂದು ಸಲ ಹೀಗಾದರೆ ನಮ್ಮ ಕೈಯಲ್ಲಿಲ್ಲ" ಎಂದು ವೈದ್ಯರು ಹೇಳಿ ಕಳಿಸಿದ್ದರು. ಮಾವ ಅದನ್ನು ಕೇಳಿಸಿಕೊಂಡು ತಲೆಯಾಡಿಸಿ, ನನ್ನ ಕಡೆ ತಿರುಗಿ ಎಡಗೈಯ ಹೆಬ್ಬೆರಳು ತೋರುಬೆರಳು ಸೇರಿಸಿ ಒಂದು ಸಣ್ಣ ಉಂಗುರ ಮಾಡಿ ತೋರಿಸಿದರು. ಕಲೆ ಬರುತ್ತಾ? ಎಂದು ಅದರ ಅರ್ಥ.

ಈ ಕಲೆಯ ವಿಷಯವನ್ನು ಬಿಡಿಸಿ ಹೇಳಲೇಬೇಕು. ಎಲ್ಲವೂ ನಿಂತಿರುವುದು ಅದರ ಮೇಲೆ.

ರೋಗದ ಎಂಜಲಿನಲ್ಲಿ ಪ್ರೋಟೀನುಗಳು ಹತ್ತಾರು. ಕೆಲವು ಕಟುಕರು. ಯಾವ ಎಲೆಗೆ ಬಿದ್ದರೂ ಕೊಲ್ಲುತ್ತವೆ, ಮೆತ್ತನೆಯ ಗಿಡವನ್ನು ಬೇಗ, ಗಟ್ಟಿ ಗಿಡವನ್ನು ನಿಧಾನ. ಆ ವರ್ಷದ ಮೊದಲಲ್ಲಿ ಬೇರೆ ಸಸಿಗಳಿಗೆ ಈ ಕಟುಕ ಪ್ರೋಟೀನನ್ನು ಹಾಕಿ ನೋಡಿದ್ದೆ. ದೊಡ್ಡ ಕಲೆ ಬಂದವನ್ನೆಲ್ಲ ಕಿತ್ತು ಒಲೆಗೆ ಹಾಕಿ ಎಂದು ಅತ್ತೆಗೆ ನಾನೇ ಹೇಳಿದ್ದೆ. ಅತ್ತೆಗೆ ಅದು ಹೊಸದಲ್ಲ, ಆ ನರ್ಸರಿಯ ಹಳೆಯ ನಿಯಮವೇ ಅದು: ಕಲೆ ಕಂಡರೆ ಕೀಳು, ಕಿತ್ತದ್ದನ್ನು ಸುಡು, ನಾಳೆಗೆ ಎಂದು ಇಡಬೇಡ.

ಇನ್ನು ಕೆಲವು ಪ್ರೋಟೀನುಗಳು ಕಟುಕರಲ್ಲ, ಜೋಗುಳ ಹಾಡುವವರು. ಗಿಡದೊಳಗೆ ಸದ್ದಿಲ್ಲದೆ ಹೋಗಿ ಅದರ ಎಚ್ಚರವನ್ನೇ ಮಲಗಿಸಿಬಿಡುತ್ತವೆ. ಅವುಗಳ ಗುರುತು ಹಿಡಿಯದ ಗಿಡ ಹಸಿರಾಗಿ, ನೋಡಲು ಚೆಂದವಾಗಿ ನಿಂತಿರುತ್ತದೆ. ರೋಗ ಬಂದ ದಿನ ನಿಂತಲ್ಲೇ ಸಾಯುತ್ತದೆ. ಗುರುತು ಹಿಡಿದ ಗಿಡ ಮಾತ್ರ ಬೇರೆ ಥರ. ವಿಷ ತಗುಲಿದ ಜಾಗದ ತನ್ನದೇ ಜೀವಕೋಶಗಳನ್ನು ತಾನೇ ಕೊಂದುಕೊಳ್ಳುತ್ತದೆ. ಅಲ್ಲೊಂದು ಸಣ್ಣ ಒಣ ಕಲೆ, ಅಂಚು ಕತ್ತರಿಸಿದಂತೆ. ರೋಗ ಅದರೊಳಗೆ ಹಸಿದು ಸಾಯುತ್ತದೆ, ಗಿಡ ಉಳಿಯುತ್ತದೆ. ಮೊಂಡಿಗೆ ನಾನು ಹಾಕಬೇಕಾಗಿದ್ದದ್ದು ಈ ಜೋಗುಳದ ಪ್ರೋಟೀನು. ಇಲ್ಲಿ ಕಲೆ ಬಂದದ್ದೇ ಗೆದ್ದದ್ದು.

ಮಾವನಿಗೆ ಇದನ್ನೆಲ್ಲ ಅವರ ಗಾಲಿಕುರ್ಚಿಯ ಪಕ್ಕ ಕೂತು ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಅತ್ತೆಗೂ ಹೇಳಬೇಕೆಂದಿದ್ದೆ. ಆಗ ಅವರು ಒಲೆಯ ಕೋಣೆಯಲ್ಲಿದ್ದರು, ರಸ್ತೆಯ ಕಡೆಯ ಗಾಜಿನ ಮನೆಗೆ ಬುಡಕೊಳೆ ನುಗ್ಗಿತ್ತು. ಇಡೀ ಸಾಲನ್ನು ಕಿತ್ತು ಸುಡುತ್ತಿದ್ದರು. ಮುಖದ ತುಂಬ ಮಸಿ, ಕಣ್ಣಲ್ಲಿ ನೀರು. ಹೊಗೆಗೆ ಎಂದರು. ನಾನೂ ಹೊಗೆಗೆ ಎಂದೇ ಅಂದುಕೊಂಡೆ. ಆಮೇಲೆ ಹೇಳಿದರಾಯಿತು ಎಂದು ಹಿಂತಿರುಗಿದೆ.

ಸಸಿಗಳಿಗೆ ಪ್ರೋಟೀನು ಹಾಕಿದ ದಿನ ಮಾವ ಪಕ್ಕದಲ್ಲೇ ಇದ್ದರು. ಸೂಜಿಯಿಲ್ಲದ ಸಿರಿಂಜನ್ನು ಎಲೆಯ ಹಿಂಬದಿಗೆ ಒತ್ತಿ, ಮೇಲಿನಿಂದ ಬೆರಳು ಆನಿಸಿ ಮೆಲ್ಲಗೆ ತಳ್ಳಿದರೆ, ದ್ರವ ಎಲೆಯೊಳಗೆ ಹರಡಿ ಒಂದು ಒದ್ದೆ ಗುರುತು ಮೂಡುತ್ತದೆ. ಅದರ ಸುತ್ತ ಕಪ್ಪು ಪೆನ್ನಿನಲ್ಲಿ ಗೆರೆ. ಒಂದು ಸಸಿಗೆ ಒಂದೇ ಎಲೆ, ಗಿಡಕ್ಕೆ ಬೇರೇನೂ ತೊಂದರೆಯಿಲ್ಲ. ಎಲ್ಲ ಮುಗಿದ ಮೇಲೆ ಮಾವ ಎಡಗೈಯಿಂದ ಟ್ರೇಯ ಅಂಚನ್ನು ಸವರಿದರು, ಮಲಗಿದ ಮಗುವಿನ ತೊಟ್ಟಿಲು ಮುಟ್ಟುವ ಹಾಗೆ.

ಅದೇ ಮಧ್ಯಾಹ್ನ ಅವರಿಗೆ ಜ್ವರ ಏರಿತು, ಉಸಿರು ಗೊರಗೊರ ಎಂದಿತು. ನನ್ನ ಗಂಡ ಕೆಲಸದ ಮೇಲೆ ದೂರದಲ್ಲಿದ್ದ. ಕಾರು ಬಾಗಿಲಿಗೆ ಬಂದಿತ್ತು, ಅತ್ತೆ ಹೊದಿಕೆಯನ್ನು ಮಾವನ ಕಾಲಿಗೆ ಸುತ್ತುತ್ತಿದ್ದರು. ನಾನು ಗಡಿಬಿಡಿಯಲ್ಲಿ, "ಅತ್ತೆ, ಮೊಂಡಿ ಟ್ರೇಗೆ ನೀರು ಮಾತ್ರ ಹಾಕಿ, ಎಂಜಲು ಹಾಕಿದ್ದೀನಿ" ಎಂದೆ.

"ಸಸಿ ಸಾಕೋದನ್ನ ನಂಗೆ ಹೇಳ್ಕೊಡೋಕೆ ಬರ್ಬೇಡ. ನೀನು ಅವರನ್ನ ನೋಡ್ಕೋ ಹೋಗು" ಎಂದರು.

ಆಸ್ಪತ್ರೆಯಲ್ಲಿ ಮಾವ ಎಚ್ಚರವಾದಾಗಲೆಲ್ಲ ನನ್ನ ಕಡೆ ಉಂಗುರ ಮಾಡಿ ತೋರಿಸುತ್ತಿದ್ದರು. "ಇನ್ನೂ ಇಲ್ಲ ಮಾವ, ಮನೆಗೆ ಹೋದ ಮೇಲೆ ನೋಡೋಣ" ಎನ್ನುತ್ತಿದ್ದೆ. ಪಕ್ಕದ ಹಾಸಿಗೆಯವರು ಇವರು ಯಾರಿಗೋ ಮದುವೆ ನಿಶ್ಚಯ ಮಾಡುತ್ತಿದ್ದಾರೆ ಎಂದುಕೊಂಡು, "ಹುಡುಗಿ ಕಡೆಯವರು ಏನಂದ್ರು?" ಎಂದು ಕೇಳಿದರು. ಮಾವನ ಮುಖದ ಅರ್ಧ ನಕ್ಕಿತು. ಜ್ವರ ಇಳಿದ ಮೇಲೆ ನಮ್ಮನ್ನು ಕಳಿಸಿಕೊಟ್ಟರು.

ಅವರನ್ನು ಹಾಸಿಗೆಯಲ್ಲಿ ಮಲಗಿಸಿದ್ದೇ ನಾನು ಗಾಜಿನ ಮನೆಗೆ ಓಡಿದೆ. ಅತ್ತೆ ಬಾಗಿಲಲ್ಲೇ ಸಿಕ್ಕರು. ಸರಿಯಾಗಿ ನಿದ್ದೆ ಮಾಡಿರಲಿಲ್ಲವೆಂದು ಮುಖ ಹೇಳುತ್ತಿತ್ತು. ಆದರೆ ಅದರಲ್ಲಿ ಒಂದು ಹೆಮ್ಮೆಯೂ ಇತ್ತು.

"ಬಾ ಬಾ, ನೋಡು. ಸದ್ಯ, ಉಳಿಸ್ಕೊಂಡೆ."

"ಏನು ಅತ್ತೆ?"

"ಮೊಂಡಿನ ಕಣೇ. ಬೆಳಿಗ್ಗೆ ನೋಡ್ತೀನಿ, ಕೆಲವಕ್ಕೆ ಕಲೆ ಬಂದ್ಬಿಟ್ಟಿದೆ. ಎದೆ ಧಸಕ್ ಅಂತು. ಆ ಗಾಜಿನ ಮನೆಗೆ ಬಂದ ರೋಗ ಇಲ್ಲಿಗೂ ಬಂದ್ರೆ ಗತಿ ಏನು? ಬಂದವನ್ನೆಲ್ಲ ಆಗ್ಲೇ ಕಿತ್ತು ಒಲೆಗೆ ಹಾಕ್ದೆ. ಬೇರಿನ ಮಣ್ಣೂ ಬಿಟ್ಟಿಲ್ಲ. ಉಳಿದವಕ್ಕೆ ಒಂದು ಚುಕ್ಕೆನೂ ಇಲ್ಲ, ನೀನೇ ನೋಡು."

ನೋಡಿದೆ. ಟ್ರೇಯಲ್ಲಿ ಅಲ್ಲಲ್ಲಿ ಖಾಲಿ ಗುಳಿಗಳು, ಅಂಚು ಒರೆಸಿ ಶುಚಿ ಮಾಡಿದ್ದರು. ಉಳಿದ ಸಸಿಗಳು ಹಸಿರಾಗಿ ನಿಂತಿದ್ದವು. ಪೆನ್ನಿನ ಗೆರೆಯೊಳಗೆ ಎಲೆ ನುಣ್ಣಗೆ, ಏನೂ ಆಗದ ಹಾಗೆ. ಒಂದೊಂದನ್ನೂ ಮಗುಚಿ ನೋಡಿದೆ. ಒಂದಕ್ಕೂ ಗುರುತು ಸಿಕ್ಕಿರಲಿಲ್ಲ.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಬಾಯಿಯೂ ಹರಕು. ಆ ಮನೆಯಲ್ಲಿ ಉಪ್ಪು ಹೆಚ್ಚಾಯಿತೆಂದು ನಾನು ಕೂಗಿದ್ದು ಬೀದಿಯ ಕೊನೆಗೆ ಕೇಳಿದೆ. ಆವತ್ತೂ ಕೂಗಲೆಂದೇ ಬಾಯಿ ತೆರೆದೆ. ಅತ್ತೆಯ ಕೈ ನೋಡಿದೆ. ಬೆರಳಿನ ಸಂದಿಯಲ್ಲಿ ಮಸಿ, ಹೆಬ್ಬೆರಳ ಉಗುರು ಎಳೆ ಕಾಂಡದ ರಸದಿಂದ ಹಸಿರು. ಆ ಕೈ ಗಂಡನ ಗಿಡವನ್ನು ಉಳಿಸಲು ಹೋಗಿತ್ತು.

"ಯಾಕೆ, ಮುಖ ಹಂಗಾಯ್ತು?" ಎಂದರು.

"ಏನಿಲ್ಲ ಅತ್ತೆ. ನಿದ್ದೆ ಇಲ್ಲ."

ಟ್ರೇ ಎತ್ತಿದಾಗ ಅದರ ಒದ್ದೆ ತಳಕ್ಕೆ ಒಂದು ಎಲೆ ಅಂಟಿಕೊಂಡಿತ್ತು. ಕೀಳುವಾಗ ಉದುರಿದ್ದು. ಬೆಳಕಿಗೆ ಹಿಡಿದೆ. ನನ್ನ ಪೆನ್ನಿನ ಗೆರೆ, ಅದರೊಳಗೆ ಒಣಗಿದ ದುಂಡು ಕಲೆ. ಅಂಚು ಕತ್ತರಿಸಿದಂತೆ, ಆಚೆಗೆ ಒಂದು ಕೂದಲೆಳೆಯಷ್ಟೂ ಹರಡಿಲ್ಲ. ನನ್ನ ಕೆಲಸದಲ್ಲಿ ಅಷ್ಟು ಚೊಕ್ಕವಾದ ಕಲೆಯನ್ನು ನಾನು ಕಂಡಿರಲಿಲ್ಲ. ಮಾವನ ಮೊಂಡಿ ಹಠ ಉಳಿಸಿಕೊಂಡಿತ್ತು. ಉಳಿಸಿಕೊಂಡಿದ್ದೆಲ್ಲ ಬೂದಿಯಾಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗೆ.

ಎಲೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಮನೆಯ ಕಡೆ ನಡೆದೆ. ಹಿತ್ತಿಲ ದಾರಿ ಎಷ್ಟು ಚಿಕ್ಕದು ಎಂದು ಅವತ್ತೇ ತಿಳಿದದ್ದು. ಮಾವನಿಗೆ ಏನು ಹೇಳಲಿ? ಯಾವುದಕ್ಕೂ ಕಲೆ ಬರಲಿಲ್ಲ ಎಂದರೆ ಅವರ ಅರ್ಧ ಆಯುಷ್ಯ ದಂಡ ಎಂದು ಹೇಳಿದಂತೆ. ಅದು ಶುದ್ಧ ಸುಳ್ಳು. ಅವರು ಅದನ್ನೇ ನಂಬಿಕೊಂಡು ಕಣ್ಣು ಮುಚ್ಚುತ್ತಾರೆ. ನಿಜ ಹೇಳಿದರೆ, ನಿಮ್ಮ ಗಿಡ ಗೆದ್ದಿತ್ತು, ಅದನ್ನು ನಿಮ್ಮ ಹೆಂಡತಿ ಒಲೆಗೆ ಹಾಕಿದರು ಎಂದು ಹೇಳಬೇಕು. ಅವರು ಹೋದ ಮೇಲೂ ಅತ್ತೆ ಅದನ್ನು ಹೊತ್ತುಕೊಂಡು ಬದುಕಬೇಕು. ಬಾಗಿಲ ಹತ್ತಿರ ಬರುವಷ್ಟರಲ್ಲಿ ನಿರ್ಧಾರ ಮಾಡಿದ್ದೆ.

ಮಾವ ದಿಂಬಿಗೆ ಒರಗಿ ಕಾಯುತ್ತಿದ್ದರು. ನನ್ನನ್ನು ಕಂಡದ್ದೇ ಎಡಗೈ ಮೇಲೆದ್ದು ಉಂಗುರ ಮಾಡಿತು.

ಹಾಸಿಗೆಯ ಅಂಚಿಗೆ ಕೂತು, ಎಲೆಯನ್ನು ಅವರ ಅಂಗೈಗೆ ಇಟ್ಟೆ. "ಬಂದಿದೆ ಮಾವ. ನಿಮ್ಮ ಮೊಂಡಿ ಗುರುತು ಹಿಡಿದಿದೆ."

ಅವರು ಎಲೆಯನ್ನು ಕಿಟಕಿಯ ಕಡೆ ಎತ್ತಿದರು. ತುಂಬ ಹೊತ್ತು ನೋಡಿದರು. ಕಣ್ಣಿನಿಂದ ನೀರು ಇಳಿದು ಕಿವಿಯ ಕಡೆ ಹೋಯಿತು, ಒರೆಸಿಕೊಳ್ಳಲಿಲ್ಲ. ಆಮೇಲೆ ಬಾಗಿಲ ಕಡೆ ತೋರಿಸಿ, "ಗಿಡ" ಎಂದರು. ತಂದು ತೋರಿಸು ಎಂದು.

"ಗಿಡ ಇಲ್ಲ ಮಾವ" ಎಂದೆ. "ತಪ್ಪು ನಂದು. ಆಸ್ಪತ್ರೆಗೆ ಹೊರಡೋ ಗಡಿಬಿಡೀಲಿ, ಕಲೆ ಬಂದ್ರೆ ಕಿತ್ತು ಸುಟ್ಬಿಡಿ ಅಂತ ಅತ್ತೆಗೆ ಹೇಳ್ಬಿಟ್ಟೆ. ಹೋದ ಸಲದ ಹಾಗೇ ಅಂದ್ಕೊಂಡು. ಅವರು ನಾನು ಹೇಳಿದ್ದನ್ನ ಮಾಡಿದ್ರು, ಅಷ್ಟೇ."

ಹಿಂದೆ ಏನೋ ಸದ್ದಾಯಿತು. ಅತ್ತೆ ಬಿಸಿ ಹಾಲಿನ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಹಾಲು ತುಳುಕಿ ಕೈಮೇಲೆ ಹರಿಯುತ್ತಿತ್ತು, ಅವರಿಗೆ ಅದರ ಬಿಸಿ ತಾಗಿದಂತೆಯೇ ಕಾಣಲಿಲ್ಲ.

"ಕಲೆ ಬಂದಿದ್ದೇ ಒಳ್ಳೇವಾ?" ಎಂದು ಕೇಳಿದರು.

ನಾನು ಎದ್ದು ಲೋಟಕ್ಕೆ ಕೈ ಚಾಚಿದೆ.

"ಕೇಳಿದ್ದಕ್ಕೆ ಹೇಳೇ. ನಾನು ಕಿತ್ತಿದ್ದೇ ಒಳ್ಳೇವಾ?"

"ಹೌದು ಅತ್ತೆ."

ಅವರು ಲೋಟವನ್ನು ಮೇಜಿನ ಮೇಲಿಟ್ಟರು. ಸದ್ದಾಗದ ಹಾಗೆ ಇಟ್ಟರು. ಅದನ್ನು ನೋಡಿಯೇ ನನಗೆ ಅಳು ಬಂತು. ಮಾವನ ಕಾಲ ಬಳಿ ಬಂದು ನಿಂತು, "ಇವಳು ಸುಳ್ಳು ಹೇಳ್ತಿದ್ದಾಳೆ ಕಣ್ರೀ" ಎಂದರು. "ಇವಳು ನೀರು ಮಾತ್ರ ಹಾಕಿ ಅಂದಿದ್ಲು. ಕೀಳು ಅಂತ ಯಾರೂ ಹೇಳಿಲ್ಲ. ನಾನೇ ಕಿತ್ತಿದ್ದು. ನನ್ನ ಕೈಯಾರೆ ಒಂದೊಂದನ್ನೇ ಒಲೆಗೆ ಹಾಕ್ದೆ." ಎರಡೂ ಕೈಯನ್ನು ಮುಂದೆ ಹಿಡಿದು ನೋಡಿಕೊಂಡರು, ಅವು ಬೇರೆ ಯಾರದ್ದೋ ಎನ್ನುವ ಹಾಗೆ.

ಮಾವ ಎಲೆಯನ್ನು ಎದೆಯ ಮೇಲಿಟ್ಟು ಎಡಗೈ ಚಾಚಿದರು. ಅತ್ತೆ ಮುಂದೆ ಬರಲಿಲ್ಲ. ಅವರು ಇನ್ನೂ ಚಾಚಿದರು, ಬೀಳುವಷ್ಟು. ಆಗ ಅತ್ತೆ ಓಡಿ ಬಂದು ಹಿಡಿದುಕೊಂಡರು. ಮಾವ ಆ ಕೈಯನ್ನು ಹತ್ತಿರಕ್ಕೆ ಎಳೆದು, ಹಸಿರು ಹತ್ತಿದ ಹೆಬ್ಬೆರಳ ಉಗುರನ್ನು ತಮ್ಮ ಬೆರಳಿಂದ ಒರೆಸತೊಡಗಿದರು. ಒರೆಸುತ್ತ ತುಟಿ ಅಲುಗಿಸಿದರು. ಮಾತಿಗೆ ಅಷ್ಟು ಒದ್ದಾಡಿದ್ದನ್ನು ನಾನು ಹಿಂದೆ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ.

"ನಾನೇ" ಎಂದರು. ಉಸಿರು ತೆಗೆದುಕೊಂಡರು. "ಕಲಿ... ಕಲಿಸಿದ್ದು."

ಮದುವೆಯಾಗಿ ಬಂದ ಹೊಸದರಲ್ಲಿ ಮಾವ ಅತ್ತೆಗೆ ಹೇಳಿಕೊಟ್ಟ ಮೊದಲ ಪಾಠ ಅದೇ ಎಂದು ಆಮೇಲೆ ಅತ್ತೆ ಹೇಳಿದರು: ಕಲೆ ಕಂಡರೆ ಕೀಳು, ಕಿತ್ತದ್ದನ್ನು ಸುಡು, ನಾಳೆಗೆ ಎಂದು ಇಡಬೇಡ. ಅತ್ತೆ ಆ ಕಾಲದಲ್ಲಿ ಒಂದು ಸಸಿಯನ್ನು ಪಾಪ ಎಂದು ಉಳಿಸಿದ್ದರಂತೆ, ಅದರಿಂದ ಇಡೀ ಗಾಜಿನ ಮನೆಯ ಗಿಡಗಳು ಹೋಗಿದ್ದವಂತೆ. ಮತ್ತೆ ಎಂದೂ ತಪ್ಪಿರಲಿಲ್ಲ.

ಮರುದಿನ ಮಾವ ಕಿಟಕಿಯ ಬಳಿಯ ಕುಂಡದಲ್ಲಿದ್ದ ಕಾಡು ಮೆಣಸನ್ನು ತೋರಿಸಿದರು. ಆಮೇಲೆ ಅತ್ತೆಯನ್ನು. ಅತ್ತೆ ತಲೆ ಅಲ್ಲಾಡಿಸಿ, "ನನ್ನ ಕೈಲಿ ಬೇಡ, ಇವಳ ಕೈಲಿ ಮಾಡ್ಸಿ" ಎಂದರು. ಮಾವ ಕೇಳಲಿಲ್ಲ. ಮೊಂಡಿ ಎಂಬ ಹೆಸರು ಮನೆಯಲ್ಲಿ ಯಾರಿಗೆ ಹೆಚ್ಚು ಒಪ್ಪುತ್ತಿತ್ತು ಎಂದು ನನಗೆ ಇವತ್ತಿಗೂ ಅನುಮಾನವಿದೆ. ಕೊನೆಗೆ ಅತ್ತೆಯೇ ಚಿಮಟದಿಂದ ದಪ್ಪ ಮೆಣಸಿನ ಮೊಗ್ಗು ಬಿಡಿಸಿ, ಕಾಡು ಮೆಣಸಿನ ಪರಾಗವನ್ನು ಕುಂಚದ ತುದಿಯಲ್ಲಿ ತಂದು ಸವರಿದರು. ಕಣ್ಣೀರು ಹೂವಿಗೆ ಬೀಳದಂತೆ ಮುಖ ಪಕ್ಕಕ್ಕೆ ಮಾಡಿಕೊಂಡಿದ್ದರು. ಮೊದಲಿನಿಂದ ಮತ್ತೆ ಶುರು. ಮಾವ ಕುರ್ಚಿಯಲ್ಲಿ ಕೂತು ನೋಡಿದರು, ಎಲೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು.

ಆ ಕಾಯಿ ಕೆಂಪಾಗುವ ಮೊದಲೇ ಮಾವ ಹೋದರು. ವೈದ್ಯರು ಹೇಳಿದ ಹಾಗೆಯೇ, ಯಾರ ಕೈಯಲ್ಲೂ ಇರಲಿಲ್ಲ.

ಮೊಂಡಿಯ ಹೊಸ ಪೀಳಿಗೆಗಳು ಬಂದವು. ಒಂದೊಂದು ಪೀಳಿಗೆಗೂ ನಾನು ಎಂಜಲು ತಂದು ಹಾಕುತ್ತೇನೆ, ಕಾಯುತ್ತೇವೆ. ಈಗ ಅತ್ತೆಗೆ ಎಲ್ಲ ಗೊತ್ತು, ಯಾವುದು ಕಟುಕ, ಯಾವುದು ಜೋಗುಳ ಎಂದು ಬಂದವರಿಗೆ ಅವರೇ ವಿವರಿಸುತ್ತಾರೆ. ಮೂಗು ಮಾತ್ರ ಇನ್ನೂ ಮೇಲಕ್ಕೇ ಹೋಗುತ್ತದೆ. ಆದರೆ ಮೊಂಡಿಯ ಸಾಲಿಗೆ ಕಾಲಿಡುವಾಗ ಅವರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾರೆ. ಬೇಡ ಅತ್ತೆ, ಏನೂ ಆಗಲ್ಲ ಎಂದರೂ ಕೇಳುವುದಿಲ್ಲ. ಒಂದರ ಬೆರಳನ್ನು ಇನ್ನೊಂದು ಗಟ್ಟಿಯಾಗಿ ಹಿಡಿದಿರುತ್ತದೆ.

ಮೊನ್ನೆ ಬೆಳಿಗ್ಗೆ ನಾನು ಬಾಗಿಲು ತೆಗೆದಾಗ ಅವರು ಆಗಲೇ ಒಳಗಿದ್ದರು. ಒಂದು ಸಸಿಯ ಮೇಲೆ ಬಗ್ಗಿ ನಿಂತಿದ್ದರು, ಕೈ ಹಿಂದೆ. ಹತ್ತಿರ ಹೋದೆ. ಪೆನ್ನಿನ ಗೆರೆಯೊಳಗೆ ದುಂಡನೆಯ ಒಣ ಕಲೆ, ಅಂಚು ಕತ್ತರಿಸಿದಂತೆ. ನಾನು ಬಂದದ್ದು ಅವರಿಗೆ ಗೊತ್ತಾಗಿರಲಿಲ್ಲ.

"ಗುರುತು ಹಿಡೀತು ಕಣ್ರೀ" ಎನ್ನುತ್ತಿದ್ದರು, ಮೆಲ್ಲಗೆ. "ನಾನು ಮುಟ್ಟಿಲ್ಲ."